ತೊಂಬತ್ನಾಲ್ಕರ ಮಾಡೆಲ್

ಪುಣೆಯ ಖಡಕಿಯಲ್ಲಿ, ಧರ್ಮರಾಜನ ಗ್ಯಾರೇಜಿನಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಎರಡು ಕಾರುಗಳು ಪಕ್ಕಪಕ್ಕ ನಿಂತಿದ್ದವು. ಎರಡೂ ಜಪಾನಿನವು, ಎರಡಕ್ಕೂ ಎರಡೆರಡೇ ಬಾಗಿಲು. ಕಪ್ಪನೆಯದು ತೊಂಬತ್ತೊಂದರ ಮಾಡೆಲ್. ಅದರ ದೀಪಗಳು ಬಾನೆಟ್ಟಿನೊಳಗೆ ಹುದುಗಿದ್ದು, ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೆ ಬರುತ್ತಿದ್ದವು. ಬಲಗಣ್ಣು ತುಸು ತಡವಾಗಿ ಏಳುತ್ತಿತ್ತು. ಬಿಳಿಯದು ತೊಂಬತ್ನಾಲ್ಕರದು. ನಾಲ್ಕು ದುಂಡು ದೀಪ, ನುಣುಪು ಮೈ, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಆಕಾರ. ಮಾಂತು ಶೆಡ್ಡಿನೊಳಗೆ ಕಾಲಿಟ್ಟಾಗಿನಿಂದ ಬಿಳಿಯದರ ಸುತ್ತಲೇ ಸುತ್ತುತ್ತಿದ್ದ.

ಕಾರು ಅವನಿಗಲ್ಲ. ತಂಗಿ ಭಾಗ್ಯಾಳನ್ನು ಮದುವೆಯಾಗಲಿದ್ದ ಸ್ವಪ್ನಿಲನಿಗೆ.

ಹೋದ ತಿಂಗಳು ಎರಡೂ ಕಡೆಯ ಹಿರಿಯರು ಕೂತು ಯಾದಿ ಮಾಡಿದ್ದರು. ಯಾರು ಏನು ಕೊಡಬೇಕು ಎಂಬುದನ್ನು ಬರೆದು, ಎಲ್ಲರೆದುರು ಗಟ್ಟಿಯಾಗಿ ಓದಿ, ಸಹಿ ಹಾಕುವ ಕಾಗದ ಅದು. ಮೇಲೆ ಹುಡುಗ ಹುಡುಗಿಯ ಹೆಸರು, ಕೆಳಗೆ ಸಾಮಾನು. ಅದಕ್ಕೆ ವರದಕ್ಷಿಣೆ ಎಂದು ಯಾರೂ ಅನ್ನುವುದಿಲ್ಲ. ಸ್ವಪ್ನಿಲನ ತಂದೆ ದಿಗಂಬರರಾವ್ ಹಡಪಸರದಲ್ಲಿ ಟೈಲ್ಸ್ ಅಂಗಡಿ ಇಟ್ಟವರು. ಮೂಲ ಅಕ್ಕಲಕೋಟೆ ಕಡೆಯಾದರೂ ಮೂರು ತಲೆಮಾರಿನಿಂದ ಮನೆಮಾತು ಮರಾಠಿ, ಕನ್ನಡ ತಿಳಿಯದು. ತಮಗೆ ಏನೂ ಬೇಡ ಎಂದು ಅವರು ಮೂರು ಸಲ ಹೇಳಿದರು. ನಾಲ್ಕನೆಯ ಸಲ, ಹುಡುಗನಿಗೆ ಎರಡು ಬಾಗಿಲಿನ ಗಾಡಿಯ ಹುಚ್ಚು ಎಂದರು. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಆದರೆ ಮಾಡೆಲ್ ತೊಂಬತ್ನಾಲ್ಕಕ್ಕಿಂತ ಹಳೆಯದಿರಬಾರದು. ತಾಳಿಯ ತೂಕದ ಕೆಳಗೆ, ಸ್ಟೀಲ್ ಪಾತ್ರೆಗಳ ಮೇಲೆ, ಅದನ್ನೂ ಬರೆಸಿದರು.

ಮಾಂತುವಿನ ಅಪ್ಪ ನಿಜಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ಅಡತಿ ವ್ಯಾಪಾರ ಮಾಡುವವನು. ಬಿಜಾಪುರ ಬಿಟ್ಟು ಬಂದು ಮೂವತ್ತು ವರ್ಷವಾಗಿತ್ತು. ಮೆಣಸಿನಕಾಯಿಯನ್ನು ಮೂಸಿ ನೋಡಿ ಯಾವ ಊರಿನ ಹೊಲದ್ದು ಎಂದು ಹೇಳಬಲ್ಲ, ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಅದಕ್ಕೇ ಗ್ಯಾರೇಜಿಗೆ ಜೊತೆಯಲ್ಲಿ ಬಂದಿದ್ದರೂ ಆರಿಸುವ ಕೆಲಸವನ್ನು ಮಗನಿಗೆ ಬಿಟ್ಟಿದ್ದ. ಮಾಂತುವಿಗೆ ಇಪ್ಪತ್ತೈದು. ಕಾರಿನ ಮಾಸಪತ್ರಿಕೆಗಳನ್ನು ತರಿಸಿ, ಓದಿ, ಹಾಸಿಗೆಯ ಕೆಳಗೆ ಪೇರಿಸಿಟ್ಟಿದ್ದ. ಯಾವ ವರ್ಷದ ಎಂಜಿನ್ನಿನಲ್ಲಿ ಎಷ್ಟು ಕುದುರೆಶಕ್ತಿ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದ.

"ಸಣ್ಣ ಸಾವ್ಕಾರ್ರ, ನನ್ನ ಮಾತು ಕೇಳ್ರಿ," ಅಂದ ಧರ್ಮರಾಜ. ಅಫಜಲಪುರ ಕಡೆಯ ಮನುಷ್ಯ. ಕಟ್ಟಡದ ಕೂಲಿಗೆಂದು ಪುಣೆಗೆ ಬಂದು, ಡೆಂಟಿಂಗ್ ಕಲಿತು, ಈಗ ತನ್ನದೇ ಗ್ಯಾರೇಜ್ ಮಾಡಿಕೊಂಡಿದ್ದ. "ಕರೀದು ತಗೊಳ್ರಿ. ಲೈಟಿನ ಮೋಟಾರೊಂದು ಮಲಗ್ಯಾದ, ಅಷ್ಟ. ಉಳಿದಿದ್ದು ಹುಟ್ಟಿದಂಗ ಅದ."

"ಎಷ್ಟು ದಿನದಿಂದ ನಿಂತದ ಇದು ನಿಮ್ಮಲ್ಲೆ?"

"ಎಂಟು ತಿಂಗಳು."

"ಮತ್ತ ಬಿಳೀದು?"

"ಮೂರು ವಾರ."

"ನೋಡ್ರಿ! ಎಂಟು ತಿಂಗಳಿಂದ ಹೋಗದ ಗಾಡಿ ನಮ್ಮ ಕೊರಳಿಗೆ ಕಟ್ಟಾಕತ್ತೀರಿ. ನಮ್ಮ ಕಡ್ಯಾವ್ರು ಅಂತ ಬಂದ್ರ ಹಿಂಗೇನ್ರಿ ಧರ್ಮಣ್ಣಾ?"

ಧರ್ಮರಾಜ ಮುಖ ಒರೆಸಿಕೊಂಡ. "ನಮ್ಮ ಕಡ್ಯಾವ್ರು ಅಂತನ ಹೇಳಾಕತ್ತೀನಿ. ಯಾದಿಯೊಳಗ ತೊಂಬತ್ನಾಲ್ಕು ಇದ್ರ ಬೀಗರ ಕಾಲು ಹಿಡದು ತೊಂಬತ್ತೊಂದು ಮಾಡಸ್ಕೊಂಡು ಬರ್ರಿ."

ಮಾಂತು ನಕ್ಕ. ಹಳೆಯ ಗಾಡಿ ಸಾಗಹಾಕುವವರು ಆಡುವ ಮಾತೇ ಇದು ಎಂದು ಅವನಿಗೆ ಗೊತ್ತಿತ್ತು. ಬಿಳಿಯದರ ಹಿಂದೆ ಹೋಗಿ ಕೂತು, ಗಾಜಿನ ಮೂಲೆಯಲ್ಲಿ ಅಚ್ಚಾಗಿದ್ದ ಪುಟ್ಟ ಅಂಕಿಯನ್ನು ಬೆರಳಿಟ್ಟು ತೋರಿಸಿದ. ಕಾರಿನ ಗಾಜು ತಯಾರಾದ ವರ್ಷದ ಕೊನೆಯ ಅಂಕಿ ಅಲ್ಲಿರುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದ. "ಅಪ್ಪಾ, ನೋಡು. ಮುಂದಿನ ಗಾಜು ನಾಲ್ಕು. ಹಿಂದಿನ ಗಾಜು ಆರು. ಹೊಸಾ ಗಾಜು ಹಾಕ್ಸ್ಯಾರ. ಚಲೋ ಇಟ್ಟಾರ ಗಾಡಿ."

ಧರ್ಮರಾಜ ಆ ಅಂಕಿಯನ್ನು ನೋಡಲಿಲ್ಲ. ನಿಜಲಿಂಗಪ್ಪನ ಮುಖ ನೋಡಿದ. "ದೊಡ್ಡ ಸಾವ್ಕಾರ್ರ, ಒಂದೀಟು ಈ ಕಡಿ ಬರ್ರಿ."

ಇಬ್ಬರೂ ಶೆಡ್ಡಿನ ಹಿಂದೆ ಹೋದರು. ರೇಟಿನ ಮಾತಿರಬೇಕು ಎಂದುಕೊಂಡು ಮಾಂತು ಬಿಳಿಯದರ ಸ್ಟಿಯರಿಂಗ್ ಹಿಡಿದು ಕೂತ. ಹತ್ತು ನಿಮಿಷದ ಮೇಲೆ ಅಪ್ಪ ಬಂದ. ಟವೆಲಿನಿಂದ ಕೊರಳು ಒರೆಸಿಕೊಳ್ಳುತ್ತಿದ್ದ.

"ಬಿಳೀದು," ಅಂದ.

ಕೀಲಿಕೈ ಕೊಡುವಾಗ ಧರ್ಮರಾಜ ಮಾಂತುವಿನ ಕಣ್ಣಿಗೆ ಕಣ್ಣು ಕೊಡಲಿಲ್ಲ. "ನಿಧಾನ ಹೊಡೀರಿ," ಅಂದ. ಅಪ್ಪ ತನ್ನ ಸ್ಕೂಟರಿನಲ್ಲೇ ಮನೆಗೆ ಬಂದ.

ಹೊಸ ಗಾಡಿ ಬಂದರೆ ಜೇಜುರಿಗೆ ಒಯ್ದು ಖಂಡೋಬನ ಭಂಡಾರ ಹಾಕಿಸದೆ ಯಾರಿಗೂ ಒಪ್ಪಿಸುವಂತಿಲ್ಲ. ಊರಲ್ಲಿದ್ದಾಗ ಮೈಲಾರಲಿಂಗ, ಇಲ್ಲಿ ಖಂಡೋಬ. ಎರಡೂ ಒಂದೇ ದೇವರು, ಅದೇ ಅರಿಸಿನ. ಭಾನುವಾರ ಮಾಂತುವಿನ ಅವ್ವ ಕಲ್ಲವ್ವ ಬುತ್ತಿ ಕಟ್ಟಿದಳು. ನಿಜಲಿಂಗಪ್ಪ ಬಾಗಿಲಲ್ಲಿ ನಿಂತು ಅಡ್ಡಿ ಮಾಡತೊಡಗಿದ.

"ಬಸ್ಸಿಗೆ ಹೋಗ್ರಿ. ಗಾಡಿ ಅವನೊಬ್ಬನ ಒಯ್ಯಲಿ."

"ಗಾಡಿ ಪೂಜಾಕ್ಕ ಬಸ್ಸಿಗ್ಯಾಕ ಹೋಗೂಣು?" ಅಂದಳು ಕಲ್ಲವ್ವ.

"ಹಂಗಾರ ಭಾಗ್ಯಾ ಬ್ಯಾಡ. ಹಿಂದಿನ ಸೀಟು ಇಕ್ಕಟ್ಟು."

"ನನ್ನ ಗಂಡನ ಗಾಡಿ, ನಾನಽ ಕೂಡೂಹಂಗಿಲ್ಲೇನು?" ಭಾಗ್ಯಾ ಆಗಲೇ ಹಿಂದಿನ ಸೀಟಿನಲ್ಲಿ ಮೊಳಕಾಲು ಮಡಚಿಕೊಂಡು ಕೂತಿದ್ದಳು. "ಅಣ್ಣಾ, ನನ್ನ ಲಗ್ನ ಸ್ವಪ್ನಿಲ್ ಜೋಡಿ ಏನು, ಈ ಗಾಡಿ ಜೋಡಿ? ನೀ ಇದನ್ನ ಒರಸಿದಷ್ಟು ಅವನೂ ನನ್ನ ಒರಸೂದಿಲ್ಲ ಬಿಡು."

"ಮುಚ್ಚು ಬಾಯಿ," ಅಂದಳು ಕಲ್ಲವ್ವ ನಗುತ್ತ.

ಅಪ್ಪ ತಾನು ಬರಲಿಲ್ಲ, ಮೊಳಕಾಲು ನೋವು ಅಂದ. ಹಡಪಸರ ದಾಟಿ ದಿವೇಘಾಟ್ ಏರುವಾಗ ಮಾಂತು ಗಾಡಿಯ ಕೆಚ್ಚು ನೋಡಿದ. ಲಾರಿಗಳನ್ನು ಒಂದೊಂದಾಗಿ ಹಿಂದೆ ಹಾಕಿದ. ಸಾಸವಡ ದಾಟಿದ ಮೇಲೆ ನೇರ ರಸ್ತೆಯಲ್ಲಿ ಸ್ಪೀಡಿನ ಮುಳ್ಳು ನೂರಿಪ್ಪತ್ತಕ್ಕೆ ಹೋಯಿತು. ಹಳ್ಳ ಬಂದಲ್ಲೆಲ್ಲ ಹಿಂದಿನಿಂದ 'ಟಕ್' ಎಂದು ಒಂದು ಸದ್ದು.

"ಅಣ್ಣಾ, ನನ್ನ ಬೆನ್ನ ಹಿಂದ ಯಾರೋ ಚಿಟಿಕಿ ಹೊಡ್ಯಾಕತ್ತಾರ," ಅಂದಳು ಭಾಗ್ಯಾ.

"ಜ್ಯಾಕ್ ಸಡಲ್ಯಾದ," ಅಂದ ಮಾಂತು.

ಜೇಜುರಿಯಲ್ಲಿ ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ ಭಂಡಾರ ಹಾಕಿದರು. ಹಿಡಿ ಹಿಡಿಯಾಗಿ ಎರಚಿದ್ದರಿಂದ ಬಿಳಿ ಕಾರು ಪೂರ್ತಿ ಹಳದಿಯಾಯಿತು. ಇಂಡಿ ಕಡೆಯಿಂದ ಬಂದಿದ್ದ ಯಾತ್ರಿಕರೂ ಒಂದೊಂದು ಹಿಡಿ ಹಾಕಿ ಹೋದರು.

ಮರುದಿನ ಮುಂಜಾನೆ ಬಿಬವೇವಾಡಿಯ ಮನೆಯ ಅಂಗಳದಲ್ಲಿ ಮಾಂತು ಕಾರು ತೊಳೆದ. ಮೊದಲು ಒಣಬಟ್ಟೆಯಲ್ಲಿ ಒರೆಸಿದ. ಭಂಡಾರವೆಲ್ಲ ಉದುರಿತು. ಆಮೇಲೆ ಬಕೆಟ್ಟಿನಲ್ಲಿ ಬಟ್ಟೆ ಸೋಪಿನ ಪುಡಿ ಕದಡಿ ಛಾವಣಿಯ ಮೇಲೆ ಸುರಿದ.

ಸೀಟುಗಳ ನೆತ್ತಿಯ ಮೇಲೆ, ಎಡಗಡೆಯಿಂದ ಬಲಗಡೆಗೆ, ಒಂದು ಕೆಂಪು ಗೆರೆ ಎದ್ದಿತು.

ಮಾಂತು ಹಿಂದೆ ಸರಿದು ತನ್ನ ಕೈ ನೋಡಿಕೊಂಡ. ಗಾಯವಿರಲಿಲ್ಲ. ಗೆರೆ ದಾರದಷ್ಟು ಸಣ್ಣಗಿತ್ತು. ಛಾವಣಿ ದಾಟಿ, ಎರಡೂ ಬಾಗಿಲುಗಳ ಹಿಂದೆ ಕೆಳಗಿಳಿದು, ಗಾಲಿಯ ಕಡೆಗೆ ಹೋಗಿತ್ತು. ರಕ್ತ ಜಿನುಗಿದ ಹಾಗೆ ಸೋಪಿನ ನೀರು ಅದರಿಂದ ಕೆಂಪಾಗಿ ಇಳಿಯುತ್ತಿತ್ತು.

"ಅವ್ವಾ!"

ಕಲ್ಲವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಅರಿಸಿನಕ್ಕ ಸೋಪು ತಾಗಿದ್ರ ಕೆಂಪಾಗತದ. ನನ್ನ ಸೀರಿ ಎಷ್ಟು ಹಾಳಾಗ್ಯಾವ ಹಿಂಗ." ಆಮೇಲೆ ಬಗ್ಗಿ ನೋಡಿದಳು. "ಉಳಿದ ಕಡಿ ಯಾಕ ಇಲ್ಲ? ಇಲ್ಲಷ್ಟ ಯಾಕ ಸಿಕ್ಕೊಂಡದ?"

ಮಾಂತು ಗೆರೆಗೆ ಉಗುರು ಹಾಕಿದ. ಕೂದಲೆಳೆಯಷ್ಟು ಬಿರುಕು. ಉಗುರಿನ ತುದಿಗೆ, ಬಣ್ಣದ ಕೆಳಗೆ ಸಂದು ಮುಚ್ಚಲು ಮೆತ್ತಿದ್ದ ಪುಟ್ಟಿ ಪುಡಿಯಾಗಿ ಬಂತು. ಅವನು ಹಿಂದಿನ ಸೀಟು ಕಿತ್ತು ಹೊರಗಿಟ್ಟ. ಕೆಳಗಿನ ಕಾರ್ಪೆಟ್ ಎತ್ತಿದ. ತಗಡಿನ ನೆಲದ ಮೇಲೆ, ಈ ಬದಿಯಿಂದ ಆ ಬದಿಗೆ, ಬೆರಳಷ್ಟು ದಪ್ಪದ ವೆಲ್ಡಿಂಗ್ ಇತ್ತು. ಒಂದು ಕಡೆ ಹೊಲಿಗೆ ಬಿಟ್ಟು ಅಂಗಳದ ಕಲ್ಲು ಕಾಣುತ್ತಿತ್ತು. ಆ ಸೀಳಿನಲ್ಲೂ ಭಂಡಾರ.

ಅದು ಒಂದು ಕಾರಲ್ಲ. ಎರಡು ಕಾರುಗಳ ಅರ್ಧರ್ಧ.

ನಿನ್ನೆ ಈ ಹೊಲಿಗೆಯ ಮೇಲೆಯೇ ಭಾಗ್ಯಾ ಕೂತಿದ್ದಳು. ಮುಳ್ಳು ನೂರಿಪ್ಪತ್ತರಲ್ಲಿತ್ತು. ಮಾಂತು ಬಕೆಟ್ಟನ್ನು ಅಲ್ಲೇ ಬಿಟ್ಟು ಎದ್ದ.

ಖಡಕಿಗೆ ಹೋಗುವಾಗ ದಾರಿಯುದ್ದಕ್ಕೂ ಧರ್ಮರಾಜನನ್ನು ಹೇಗೆ ಹೊಡೆಯಬೇಕೆಂದು ಯೋಚಿಸುತ್ತ ಹೋದ. ಧರ್ಮರಾಜ ಗ್ಯಾರೇಜಿನ ಮುಂದೆ ಚಹ ಕುಡಿಯುತ್ತಿದ್ದ. ಮಾಂತು ಅವನ ಅಂಗಿ ಹಿಡಿದ. ಚಹ ಇಬ್ಬರ ಮೈಮೇಲೂ ಚೆಲ್ಲಿತು.

"ನನ್ನ ತಂಗಿ ಕೂಡೂ ಗಾಡಿಲೇ ಅದು!"

ಧರ್ಮರಾಜ ಬಿಡಿಸಿಕೊಳ್ಳಲು ನೋಡಲಿಲ್ಲ. "ಗೊತ್ತಾತೇನು?" ಅಂದ. "ಮುಂದಿನ ಅರ್ಧ ತೊಂಬತ್ನಾಲ್ಕರದು, ಅದು ತಿಪ್ಪರಲಾಗ ಹೊಡೆದು ಹಿಂದಿಂದು ಜಜ್ಜಿ ಹೋಗಿತ್ತು. ಹಿಂದಿನ ಅರ್ಧ ತೊಂಬತ್ತಾರರದು, ಅದರ ಮುಂದಿಂದು ಲಾರಿ ಕೆಳಗ ಹೋಗಿತ್ತು. ಚಾಸಿ ನಂಬರು ಮುಂದಿನ ಭಾಗದ ಮ್ಯಾಲಿರತದ, ಅದಕ್ಕ ಕಾಗದದಾಗ ತೊಂಬತ್ನಾಲ್ಕು. ನಾ ಬೆಸಿಗಿ ಹಾಕಿದ್ದಲ್ಲ, ಮುಂಬೈದಿಂದ ಹಿಂಗ ಬಂತು. ನಾ ಬಣ್ಣ ಅಷ್ಟ ಹೊಡದೀನಿ."

"ಹೇಳಾಕ ಬಾಯಿ ಇರಲಿಲ್ಲೇನು ನಿನಗ?"

"ಹೇಳೀನಲ್ಲರೀ."

"ಯಾರಿಗೆ?"

"ನಿಮ್ಮ ತಂದಿಯವ್ರಿಗೆ. ಶೆಡ್ಡಿನ ಹಿಂದ ಕರ್ಕೊಂಡು ಹೋಗಿ ತೋರಿಸೀನಿ. ಅಲ್ಲಿ ಇಂತಾದ ಇನ್ನೊಂದು ಅರ್ಧ ಬಿದ್ದದ ನೋಡ್ರಿ, ಬಿಳೀದನ್ನೂ ಹಿಂಗ ಕೊಯ್ದು ಜೋಡಸ್ಯಾರ ಅಂತ ಹೇಳೀನಿ. ಹೆಣ್ಣಮಗಳು ಕೂಡೂ ಗಾಡಿ ಸಾವ್ಕಾರ್ರ, ಬ್ಯಾಡ ಅಂತ ಕೈ ಮುಗದೀನಿ. ಅದಕ್ಕ ಅವ್ರು, ಹಂಗಾರ ಅರ್ಧ ರೇಟಿಗೆ ಕೊಡು ಅಂದ್ರು."

ಮಾಂತುವಿನ ಕೈ ಅಂಗಿಯ ಮೇಲೆಯೇ ಇತ್ತು. ಅದನ್ನು ಬಿಡಬೇಕೆಂಬುದು ಮರೆತಿತ್ತು. ಶೆಡ್ಡಿನೊಳಗೆ ಕಪ್ಪು ಕಾರು ನಿಂತಲ್ಲೇ ನಿಂತಿತ್ತು. ಬಿಳಿಯದಕ್ಕಿಂತ ಮೂರು ವರ್ಷ ಹಳೆಯದು, ಒಂದು ಕಣ್ಣು ಮಂದ, ಪೂರ್ತಿ ಒಂದೇ ಗಾಡಿ. ಬಸ್ಸಿಗೆ ಹೋಗ್ರಿ ಎಂದ ಅಪ್ಪನ ಮಾತು, ಭಾಗ್ಯಾ ಬ್ಯಾಡ ಎಂದದ್ದು, ಮೊಳಕಾಲು ನೋವು, ಎಲ್ಲ ಒಂದೊಂದಾಗಿ ನೆನಪಾದವು.

ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದ. ಮಾಂತು ನಿಂತುಕೊಂಡೇ ಕೇಳಿದ.

"ಅಪ್ಪಾ, ನಿನಗ ಗೊತ್ತಿತ್ತೇನು?"

ನಿಜಲಿಂಗಪ್ಪ ರೊಟ್ಟಿ ಮುರಿದ. "ಯಾದಿಯೊಳಗ ಏನು ಬರದದ?"

"ತೊಂಬತ್ನಾಲ್ಕು."

"ಆರ್.ಸಿ. ಪುಸ್ತಕದಾಗ?"

"ತೊಂಬತ್ನಾಲ್ಕು."

"ಮತ್ತ?"

ಅಪ್ಪ ಸಿಟ್ಟಾಗಿದ್ದರೆ, ಸುಳ್ಳು ಹೇಳಿದ್ದರೆ, ಅತ್ತಿದ್ದರೆ ಏನಾದರೂ ಅನ್ನಬಹುದಿತ್ತು. ಅಪ್ಪ ಪಲ್ಯ ಹಚ್ಚಿಕೊಂಡು ರೊಟ್ಟಿ ತಿಂದ.

"ಅದು ಎರಡು ತುಂಡು ಅದ, ಹಿಂದಿಂದು ತೊಂಬತ್ತಾರರದು. ದೊಡ್ಡ ಹಳ್ಳಕ್ಕ ಬಿದ್ರ ಬಿಚ್ಚತದ. ಒಳಗ ಭಾಗ್ಯಾ ಇರ್ತಾಳ. ಧರ್ಮಣ್ಣ ಆ ತೊಂಬತ್ತೊಂದರದು ತಗೊಳ್ರಿ ಅಂದಿದ್ದಿಲ್ಲೇನು?"

"ಸ್ವಪ್ನಿಲ್‌ಗ ಹೇಳೀನಿ, ಅರವತ್ತರ ಮ್ಯಾಲ ಹೊಡೀಬ್ಯಾಡ ಅಂತ. ಒಂದು ವರ್ಷ ದಾಟಿದ್ರ ಮಾರಸ್ತೀನಿ. ಕಬೂಲ್ ಮಾಡಿದ ವರ್ಷ ಕೊಡದಿದ್ರ ಬೀಗರ ಮುಂದ ನನ್ನ ಮಾರಿ ಏನಾಗತದ? ಇಡೀ ಗಾಡಿ ತೊಂಬತ್ನಾಲ್ಕರದು ತರಾಕ ನನ್ನ ಕಡಿ ಆಗೂದಿಲ್ಲ. ನಾಳಿ ಬರ್ತಾರ ಅವ್ರು. ಸೋಪು ಹಚ್ಚಬ್ಯಾಡ. ಒಣಾ ಬಟ್ಟೀಲೆ ಒರಸು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಕಲ್ಲವ್ವ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು. ಅವಳ ಹಿಂದೆ ಭಾಗ್ಯಾ ನಿಂತಿದ್ದಳು. ಹಾಸ್ಯವಿಲ್ಲದ ಅವಳ ಮುಖವನ್ನು ಮಾಂತು ಮೊದಲ ಸಲ ನೋಡಿದ.

ಮರುದಿನ ಹತ್ತು ಗಂಟೆಗೆ ಬೀಗರು ಬಂದರು. ದಿಗಂಬರರಾವ್, ಸ್ವಪ್ನಿಲ್, ಅವನ ಇಬ್ಬರು ಕಾಕಂದಿರು. ಓಣಿಯ ಜನ ಅಂಗಳದ ಗೋಡೆಯ ಆಚೆ ನಿಂತು ನೋಡುತ್ತಿದ್ದರು. ಸ್ವಪ್ನಿಲ್ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಕೈಯಾಡಿಸಿದ. ಖುಷಿಯಿಂದ ಅವನ ಕಿವಿ ಕೆಂಪಾಗಿದ್ದವು. ದಿಗಂಬರರಾವ್ ಕನ್ನಡಕ ಹಾಕಿಕೊಂಡು ಆರ್.ಸಿ. ಪುಸ್ತಕ ತೆರೆದು, ಯಾದಿಯ ಪಕ್ಕ ಇಟ್ಟುಕೊಂಡು, ವರ್ಷವನ್ನು ಗಟ್ಟಿಯಾಗಿ ಓದಿದರು. ಕಾಕಂದಿರು ತಲೆಯಾಡಿಸಿದರು.

ಕಲ್ಲವ್ವ ಆರತಿ ತಂದಳು. ಒಂದು ತಟ್ಟೆಯಲ್ಲಿ ಜೇಜುರಿಯಿಂದ ತಂದು ಉಳಿದ ಭಂಡಾರ, ಒಂದು ತಂಬಿಗೆಯಲ್ಲಿ ದೃಷ್ಟಿ ತೆಗೆಯುವ ನೀರು. ಆ ನೀರಿಗೆ ಅರಿಸಿನ, ಸುಣ್ಣ ಎರಡನ್ನೂ ಹಾಕಿ ಕೆಂಪು ಮಾಡುವುದು ಪದ್ಧತಿ. ಇವತ್ತು ನೀರು ಬಿಳಿಯಾಗಿತ್ತು. ಅವಳು ಸುಣ್ಣವನ್ನಷ್ಟೇ ಕದಡಿದ್ದಳು. ಗಂಡಸರು ಯಾರೂ ಗಮನಿಸಲಿಲ್ಲ. ಅವಳು ಹಿಡಿ ಭಂಡಾರ ತೆಗೆದು ಛಾವಣಿಯ ಮೇಲೆ ಎರಚಿ, ಅಂಗೈಯಿಂದ ಒತ್ತಿ ಒತ್ತಿ ಬಳಿದಳು. ದೃಷ್ಟಿಯ ನೀರನ್ನು ನಿವಾಳಿಸಿ ಬೀದಿಗೆ ಚೆಲ್ಲುತ್ತಾರೆ. ಅವಳು ನಿವಾಳಿಸಿದಳು, ತಂಬಿಗೆ ಎತ್ತಿದಳು, ಕಾರಿನ ನೆತ್ತಿಯ ಮೇಲೆ ಸುರಿದಳು.

ಹಳದಿ ಕೆಂಪಾಯಿತು. ನುಣುಪು ಬಣ್ಣದ ಮೇಲಿದ್ದದ್ದೆಲ್ಲ ಹರಿದು ಇಳಿಯಿತು. ಗೆರೆ ಉಳಿಯಿತು.

"ಹೇ ಕಾಯ್?" ಅಂದರು ದಿಗಂಬರರಾವ್. ಇದೇನು?

ಕಲ್ಲವ್ವ ಮಗನಿಗೆ ಕನ್ನಡದಲ್ಲೇ ಹೇಳಿದಳು. ದನಿ ಏರಿಸಲಿಲ್ಲ. "ಈ ಗೆರಿಯಿಂದ ಮುಂದ ತೊಂಬತ್ನಾಲ್ಕು. ಹಿಂದ ತೊಂಬತ್ತಾರು. ನಡುವ ಬೆಸಿಗಿ. ನನ್ನ ಮಗಳು ಎಲ್ಲಿ ಕೂಡ್ಬೇಕು, ಕೇಳು ಅವ್ರನ್ನ."

ಬೀಗರು ಮಾಂತುವಿನ ಕಡೆ ತಿರುಗಿದರು. ನಿಜಲಿಂಗಪ್ಪ ಮುಂದೆ ನುಗ್ಗಿ, ಏನಿಲ್ಲ, ದೃಷ್ಟಿ ತೆಗೆಯುವ ಮಾತು ಅದು ಎಂದು ಮರಾಠಿಯಲ್ಲಿ ನಕ್ಕ. ಮಗನ ತೋಳು ಹಿಡಿದ. ಆ ಹಿಡಿತ ಮೂಳೆಗೆ ತಾಗಿತು.

ಮಾಂತು ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದ. ತಾನೇ ಆರಿಸಿದ ಗಾಡಿ ಇದು ಎಂದೂ ಸೇರಿಸಿದ. ಸೀಟು ಎಳೆದು ಹೊರಗೆ ಹಾಕಿ, ಕಾರ್ಪೆಟ್ ಎತ್ತಿ ತೋರಿಸಿದ.

ಈಗ ಬೈಗುಳ ಬರುತ್ತದೆ, ಮದುವೆ ಮುರಿಯುತ್ತದೆ, ಅಪ್ಪನ ಮಾನ ಹೋಗುತ್ತದೆ, ಹೋಗಲಿ ಎಂದು ಮಾಂತು ಹಲ್ಲು ಕಚ್ಚಿ ನಿಂತ. ದಿಗಂಬರರಾವ್ ಬಗ್ಗಿ ವೆಲ್ಡಿಂಗ್ ನೋಡಿದರು. ಎದ್ದರು. ಗೋಡೆಯಾಚೆಯ ಜನರನ್ನು ನೋಡಿದರು. ಆರ್.ಸಿ. ಪುಸ್ತಕವನ್ನು ಮತ್ತೆ ತೆರೆದರು.

"ಪುಸ್ತಕದಲ್ಲಿ ತೊಂಬತ್ನಾಲ್ಕು ಅಂತಲೇ ಇದೆಯಲ್ಲ," ಅಂದರು ಮರಾಠಿಯಲ್ಲಿ. "ಮತ್ತೇನು?"

ಮಾಂತು ಅಪ್ಪನನ್ನು ನೋಡಿದ. ಅಪ್ಪನೂ ಬೀಗರನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಉಳಿದದ್ದು ಸ್ವಪ್ನಿಲ್. ಭಾಗ್ಯಾ ಹೊಸ್ತಿಲ ಮೇಲೆ ನಿಂತು ಅವನನ್ನೇ ನೋಡುತ್ತಿದ್ದಳು. ಅವನು ಗೆರೆಯ ಮೇಲೆ ಬೆರಳಾಡಿಸಿದ, ಬೆರಳು ಕೆಂಪಾಯಿತು, ಪ್ಯಾಂಟಿಗೆ ಒರೆಸಿಕೊಂಡ. ತಂದೆಯ ಮುಖ ನೋಡಿದ. ಆಮೇಲೆ ಅವಳ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ, "ಪೇಂಟ್ ಮಾಡಿಸಿದರೆ ಕಾಣುವುದಿಲ್ಲ," ಅಂದ. ಅದೂ ಮರಾಠಿಯಲ್ಲೇ. ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ.

ಭಾಗ್ಯಾ ಅಂಗಳಕ್ಕೆ ಇಳಿದಳು. ದಿಗಂಬರರಾವ್ ಕೈಯಲ್ಲಿದ್ದ ಯಾದಿಯ ಮೇಲ್ತುದಿಗೆ ಬೆರಳಿಟ್ಟಳು.

"ಅಪ್ಪಾ, ಗಾಡಿ ಇದರಾಗ ಇರಲಿ. ನನ್ನ ಹೆಸರು ಹೊಡದು ಹಾಕ್ರಿ."

"ಏ ಹುಚ್ಚೀ, ಒಳಗ ನಡಿ!"

"ಹೊಂಟೆ."

ಒಳಗೆ ಹೋದಳು. ಹೊರಗೆ ಗದ್ದಲ ಎದ್ದಿತು. ಕಾಕಂದಿರು ಕೂಗಿದರು, ಅಪ್ಪ ಕೈ ಮುಗಿದ, ಗೋಡೆಯಾಚೆಯವರಿಗೆ ಈಗ ಬಾಯಿ ಬಂತು. ಅರ್ಧ ಗಂಟೆಯ ಮೇಲೆ ಬೀಗರು ಬಂದ ರಿಕ್ಷಾದಲ್ಲೇ ಹೋದರು. ಕಾರು ಅಂಗಳದಲ್ಲಿ ಉಳಿಯಿತು. ನಿಜಲಿಂಗಪ್ಪ ಟವೆಲಿನಿಂದ ಆ ಗೆರೆಯನ್ನು ಒಂದೇ ಸಮನೆ ಒರೆಸುತ್ತಿದ್ದ, ಯಾರೂ ಅವನನ್ನು ತಡೆಯಲಿಲ್ಲ.

ಮಾಂತು ಒಳಗೆ ಹೋದ. ಭಾಗ್ಯಾ ಅಡುಗೆಮನೆಯ ನೆಲದ ಮೇಲೆ ಕೂತು, ಬೀಗರಿಗೆಂದು ತಂದ ಪೇಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಒಂದಾದ ಮೇಲೊಂದು ತಿನ್ನುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಬಾಯಿ ತುಂಬಿತ್ತು. ಅವನು ಎದುರಿಗೆ ಕೂತ.

ಅವಳು ಪೇಡೆ ನುಂಗಿದಳು.

"ಅಣ್ಣಾ, ಆ ತೊಂಬತ್ತೊಂದರ ಗಾಡಿ ಇನ್ನೂ ಅದ ಏನು ಅಲ್ಲಿ?"

"ಅದ. ಯಾಕ?"

"ಧರ್ಮಣ್ಣಗ ಹೇಳು, ಯಾರಿಗೂ ಕೊಡಬ್ಯಾಡ ಅಂತ. ನಾ ಡ್ರೈವಿಂಗ್ ಕಲೀತೀನಿ."